ತಾಯಿ ಕಡೆಯ ಗುಂಡಿಗೆ

ಆಳಂದ ತಾಲ್ಲೂಕಿನ ಮಟಕಿ ಊರಲ್ಲಿ ಸುಂದರಬಾಯಿಯ ಎದುರು ನಿಂತು ಮಾತು ಬೆಳೆಸುವವರು ಕಡಿಮೆ. ಗಂಡ ದೌಲತರಾಯ ತೀರಿಕೊಂಡ ಮೇಲೆ ತೊಗರಿ ಹೊಲವನ್ನು ತಾನೇ ನಿಂತು ಮಾಡಿಸಿದವಳು ಅವಳು. ಪಂಚಾಯತಿ ಸದಸ್ಯೆಯಾಗಿದ್ದಾಗ ಶಾಲೆಯ ಹುಡುಗಿಯರಿಗೆ ಶೌಚಾಲಯ ಕಟ್ಟಿಸುವ ತನಕ ಆಳಂದದ ಕಚೇರಿಯ ಬಾಗಿಲು ಬಿಟ್ಟವಳಲ್ಲ. ಯಾವ ಮಾತಿಗೂ ಅವಳಲ್ಲಿ ಉತ್ತರವಿರುತ್ತಿತ್ತು. ತನ್ನ ಗಂಡುಮಕ್ಕಳ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ಅವಳಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿದ್ದರು. ಇಬ್ಬರೂ ಹಾಲು ಬಿಡುವ ಮೊದಲೇ ಹೋದರು. ಮೊದಲನೆಯವನು ಸತ್ತಾಗ ಊರು ಅವಳೊಂದಿಗೆ ಅತ್ತಿತ್ತು. ಎರಡನೆಯವನಿಗೆ ಮಣ್ಣು ಕೊಟ್ಟು ಬಂದ ದಿನವೇ ಜನ ಬೇರೆ ಮಾತು ತೆಗೆದರು. ಸುಂದರಬಾಯಿಯ ಎದೆಹಾಲು ಗಂಡುಕೂಸಿಗೆ ಆಗಿಬರುವುದಿಲ್ಲ ಎಂದರು. ಆದರೆ ಆ ಕೂಸು ಸೊರಗುತ್ತಿದ್ದಾಗಲೇ ಅವಳ ಅತ್ತೆ ಅದಕ್ಕೆ ಆಡಿನ ಹಾಲು ಹಾಕಿ ನೋಡಿದ್ದೂ ಆಗಿತ್ತು. ಕೂಸು ಉಳಿಯಲಿಲ್ಲ, ಮಾತು ಉಳಿಯಿತು. ಇಬ್ಬರ ನಡುವೆ ಹುಟ್ಟಿದ ವಿದ್ಯಾವತಿ ಅದೇ ಹಾಲು ಕುಡಿದು ಗಟ್ಟಿಮುಟ್ಟಾಗಿ ಬೆಳೆಯುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ವಿದ್ಯಾವತಿ ಬಿ.ಎಡ್. ಮುಗಿಸಿ ಜೇವರ್ಗಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಸಂಜುಕುಮಾರನಿಗೆ ಅದೇ ಊರಲ್ಲಿ ನೀರಿನ ಮೋಟಾರು ರಿಪೇರಿ ಮಾಡುವ ಅಂಗಡಿ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಳು. ಗಂಡುಮಗು ಹುಟ್ಟಿತು. ಸಂಜುಕುಮಾರನ ತಂದೆಯ ಹೆಸರನ್ನೇ ಇಟ್ಟು ಸಿದ್ದಲಿಂಗ ಎಂದು ಕರೆದರು. ತೊಟ್ಟಿಲ ದಿನ ಸುಂದರಬಾಯಿ ಎಲ್ಲರಿಗೂ ಬಡಿಸಿದಳು, ನಕ್ಕಳು. ಕೂಸನ್ನು ಎತ್ತಿಕೊಳ್ಳುವಾಗ ಮಾತ್ರ ಅವಳ ಕೈ ಹಿಂಜರಿಯುತ್ತಿತ್ತು.

ಚಳಿಗಾಲ ಇನ್ನೂ ಹೋಗಿರಲಿಲ್ಲ. ಒಂದು ಮುಂಜಾನೆ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದ ವಿದ್ಯಾವತಿ, "ಯವ್ವಾ, ಇಂವ ಜರಾ ಕುಡೀತಾನ, ದಣಿದು ಬಿಟ್ಟುಬಿಡ್ತಾನ. ಮತ್ತ ಅಳ್ತಾನ. ಹಿಂಗ್ಯಾಕ ಮಾಡ್ಲಾಕತ್ತಾನ?" ಎಂದಳು.

ಸುಂದರಬಾಯಿ ಹತ್ತಿರ ಬಂದು ಬಗ್ಗಿ ನೋಡಿದಳು. ಆ ಥಂಡಿಯಲ್ಲೂ ಕೂಸಿನ ಹಣೆ ಬೆವರಿತ್ತು. ಕೂದಲು ತಲೆಗೆ ಅಂಟಿತ್ತು. ಪಕ್ಕೆ ಒಳಗೆ ಹೊರಗೆ ಬಡಿದುಕೊಳ್ಳುತ್ತಿತ್ತು. ತನ್ನ ಮಡಿಲಲ್ಲೇ ಎರಡು ಸಲ ಕಂಡದ್ದು ಈಗ ಮಗಳ ಮಡಿಲಲ್ಲಿತ್ತು. ಬಾಯಿ ಬಿಟ್ಟು ಹೇಳಿದರೆ ಊರು ಅಂದದ್ದೇ ಖರೆ ಎಂದು ತಾನೇ ಒಪ್ಪಿಕೊಂಡಂತೆ ಆಗುತ್ತದೆ ಎಂಬ ಯೋಚನೆ ಒಂದು ಗಳಿಗೆ ಬಂತು. ಕೂಸು ಮತ್ತೆ ಕ್ಷೀಣವಾಗಿ ಅತ್ತಿತು.

"ಸೀರಿ ಬದಲಸು. ಆಳಂದಕ್ಕ ಹೋಗೋಣ," ಎಂದಳು.

"ಥಂಡಿ ಆಗಿರಬೇಕು ಬೇ. ನಾಳಿಗಿ ಹೋದ್ರಾಯ್ತು."

"ಥಂಡಿ ಅಲ್ಲ. ಏಳು."

ಆಳಂದದ ವೈದ್ಯ ವಯಸ್ಸಿನಲ್ಲಿ ಚಿಕ್ಕವನು. ಕೂಸಿನ ಎದೆಗೆ ಸ್ಟೆಥಾಸ್ಕೋಪ್ ಇಟ್ಟು, ಕಫ ಕಟ್ಟಿದಂತಿದೆ ಎಂದ. ಸುಂದರಬಾಯಿ ಕುರ್ಚಿಯಿಂದ ಎದ್ದು ಮೇಜಿನ ಹತ್ತಿರ ಬಂದಳು.

"ಸಾಹೇಬ್ರೆ, ಒಂದು ಮಾತು ಹೇಳ್ತೇನಿ. ನನಗ ಎರಡು ಗಂಡುಕೂಸು ಆಗಿದ್ದವು. ಎರಡೂ ಹಿಂಗ ಹಾಲು ಕುಡೀವಾಗ ಬೆವತು ಬೆವತು ಸೊರಗಿ ಹೋಗ್ಯಾವ. ಇದು ಮೂರನೇದು."

ವಿದ್ಯಾವತಿ ತಾಯಿಯ ಮುಖ ನೋಡಿದಳು. ಈ ಮಾತನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ವೈದ್ಯ ಮತ್ತೆ ಸ್ಟೆಥಾಸ್ಕೋಪ್ ಹಚ್ಚಿಕೊಂಡು ಈ ಸಲ ಬಹಳ ಹೊತ್ತು ಕೇಳಿದ. ಕೂಸಿನ ಹೊಟ್ಟೆ ಒತ್ತಿ ನೋಡಿದ. ಯಕೃತ್ತು ಬಾತಿದೆ ಎಂದ. "ಛಲೋ ಮಾಡಿದ್ರಿ ಹೇಳಿದ್ದು," ಎಂದು ಅಂದೇ ಆಂಬ್ಯುಲೆನ್ಸ್ ಕರೆಸಿ ಕಲಬುರಗಿಗೆ ಕಳಿಸಿಕೊಟ್ಟ.

ಕಲಬುರಗಿಯ ಮಕ್ಕಳ ಆಸ್ಪತ್ರೆಯಲ್ಲಿ ಹೃದಯದ ತೊಂದರೆಯಿರುವ ಮಕ್ಕಳನ್ನು ನೋಡುವವರು ಡಾಕ್ಟರ್ ಶಮಶಾದ. ಅವರು ಹೃದಯದ ಸ್ಕ್ಯಾನ್, ಎಕೋ, ಮಾಡಿದರು. ಪರದೆಯ ಮೇಲೆ ಸಿದ್ದಲಿಂಗನ ಗುಂಡಿಗೆ ಕಂಡಿತು. ಇರಬೇಕಾದುದಕ್ಕಿಂತ ದೊಡ್ಡದಾಗಿ, ಗೋಡೆಯ ಮಾಂಸ ಸಡಿಲಾಗಿ, ಕಷ್ಟಪಟ್ಟು ಹಿಂಡಿಕೊಳ್ಳುತ್ತಿತ್ತು. ಕೂಸನ್ನು ಐಸಿಯುಗೆ ಸೇರಿಸಿದರು. ಅಷ್ಟರಲ್ಲಿ ಜೇವರ್ಗಿಯಿಂದ ಸಂಜುಕುಮಾರ ಮತ್ತು ಅವನ ತಾಯಿ ಶಿವಕಾಂತಾ ಬಂದರು. ಶಿವಕಾಂತಾ ಕಟ್ಟುನಿಟ್ಟಿನ ಹೆಂಗಸು. ಮೊಮ್ಮಗನಿಗೆ ಗಂಡನ ಹೆಸರು ಇಟ್ಟಿದ್ದಾರೆಂದು ಜೇವರ್ಗಿಯ ಓಣಿಯಲ್ಲೆಲ್ಲ ಸಕ್ಕರೆ ಹಂಚಿದವಳು.

ಡಾಕ್ಟರ್ ಎಲ್ಲರನ್ನೂ ಕೂರಿಸಿಕೊಂಡು, ವಿದ್ಯಾವತಿಯ ತಾಯಿಯ ಕಡೆ ಗಂಡುಕೂಸುಗಳು ಸಣ್ಣ ವಯಸ್ಸಿನಲ್ಲಿ ತೀರಿಕೊಂಡದ್ದು ಉಂಟೇ ಎಂದು ಕೇಳಿದರು. ಬೀಗತಿಯ ಮುಂದೆ ಹೇಳಬೇಕಾಗಿತ್ತು. ಸುಂದರಬಾಯಿ ತನ್ನಿಬ್ಬರ ಮಾತು ಹೇಳಿದಳು. ತನ್ನ ತವರೂರು ಖಜೂರಿಯಲ್ಲಿ ತಾಯಿಯ ತಮ್ಮನೊಬ್ಬನೂ ಹೀಗೇ ತೊಟ್ಟಿಲಲ್ಲೇ ಹೋಗಿದ್ದನಂತೆ, ಅದನ್ನೂ ಹೇಳಿದಳು. ಕೂಸಿನ ರಕ್ತದಲ್ಲಿ ಬಿಳಿ ಕಣಗಳು ಕಡಿಮೆಯಿದ್ದುದನ್ನು ನೋಡಿ ಡಾಕ್ಟರಿಗೆ ಆಗಲೇ ಅನುಮಾನವಿತ್ತು. ಬೆಂಗಳೂರಿನ ಪ್ರಯೋಗಾಲಯಕ್ಕೆ ರಕ್ತ ಕಳಿಸಿದರು.

ಔಷಧಕ್ಕೆ ಕೂಸು ಮೆಲ್ಲಗೆ ಚೇತರಿಸಿಕೊಂಡಿತು. ಮನೆಗೆ ಹೋದ ಮೇಲೆ ಕೆಲವು ವಾರಗಳಲ್ಲಿ ವರದಿ ಬಂತು. ಮತ್ತೆ ಎಲ್ಲರೂ ಆ ಕೋಣೆಯಲ್ಲಿ ಕೂತರು.

"ಇದಕ್ಕ ಬಾರ್ತ್ ಸಿಂಡ್ರೋಮ್ ಅಂತಾರ್ರಿ," ಎಂದರು ಡಾಕ್ಟರ್ ಶಮಶಾದ. "ಗುಂಡಿಗಿ ಹಗಲು ರಾತ್ರಿ ಬಡೀಬೇಕಂದ್ರ ತಾಕತ್ತು ಬೇಕು. ನಮ್ಮ ಮೈಯಾಗ ಒಂದೊಂದು ಕಣದೊಳಗೂ ಆ ತಾಕತ್ತು ತಯಾರಾಗೂ ಜಾಗ ಅದ, ಮೈಟೋಕಾಂಡ್ರಿಯಾ ಅಂತ. ನಿಮ್ಮ ಕೂಸಿಗಿ ಅಲ್ಲೇ ಕೊರತಿ ಅದ. ಉಂಡದ್ದು ಪೂರ್ತಿ ತಾಕತ್ತಾಗೂದಿಲ್ಲ. ಅದಕ್ಕ ಗುಂಡಿಗಿ ಮಾಂಸ ಸೋತು ಬಾಯ್ತದ, ಕೈಕಾಲು ದಣೀತಾವ. ಬಿಳಿ ಕಣ ಕಡಿಮಿ ಇರೂದಕ್ಕ ಸೋಂಕು ಜಲ್ದಿ ಹತ್ತತದ."

"ವಾಸಿ ಆಗ್ತದೇನ್ರಿ?" ಸಂಜುಕುಮಾರ ಕೇಳಿದ.

"ಪೂರಾ ವಾಸಿ ಮಾಡೂ ಔಷಧ ಇನ್ನೂ ನಮ್ಮ ಕೈಯಾಗ ಇಲ್ಲ. ಸುಳ್ಳು ಹೇಳಂಗಿಲ್ಲ. ಆದ್ರ ಗುಂಡಿಗಿಗೆ ಆಸರಾಗೂ ಔಷಧ ಅದಾವ. ಜ್ವರ ಬಂದ್ರ ಒಂದು ತಾಸೂ ತಡ ಮಾಡಬಾರದು. ಮೊದಲನೇ ವರ್ಷ ಕಠಿಣ. ಅದು ದಾಟಿದ ಎಷ್ಟೋ ಮಕ್ಕಳಿಗಿ ಗುಂಡಿಗಿ ಸುಧಾರಿಸ್ತದ. ಸಾಲಿಗಿ ಹೋಗ್ತಾರ, ದೊಡ್ಡವರಾಗ್ತಾರ."

ಆಮೇಲೆ ಅವರು ಇದು ತಾಯಿಯ ಕಡೆಯಿಂದ ಬರುವುದೆಂದೂ, ಹೆಣ್ಣುಮಕ್ಕಳು ತಾವು ಆರೋಗ್ಯವಾಗಿದ್ದುಕೊಂಡೇ ಮುಂದಕ್ಕೆ ದಾಟಿಸುವರೆಂದೂ, ಹುಟ್ಟುವ ಗಂಡುಮಕ್ಕಳಲ್ಲಿ ಕೆಲವರಿಗೆ ತಗಲುವುದು, ಕೆಲವರಿಗೆ ಇಲ್ಲವೆಂದೂ ತಿಳಿಸಿದರು. ವಿದ್ಯಾವತಿ ತಲೆ ತಗ್ಗಿಸಿ ಕೂತಿದ್ದಳು. ಸುಂದರಬಾಯಿ ಮಾತ್ರ ಡಾಕ್ಟರ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಡಾಕ್ಟರಬಾಯೆರೆ, ನನ್ನ ಹಾಲಿನ್ಯಾಗ ದೋಷ ಇತ್ತೇನ್ರಿ?"

ಡಾಕ್ಟರ್ ಶಮಶಾದಗೆ ಮೊದಲು ಪ್ರಶ್ನೆ ತಿಳಿಯಲಿಲ್ಲ. ವಿದ್ಯಾವತಿ ಸಣ್ಣ ದನಿಯಲ್ಲಿ ಊರು ಆಡಿದ ಮಾತನ್ನು ಬಿಡಿಸಿ ಹೇಳಿದಳು. ಡಾಕ್ಟರ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮ ಹಾಲಿಗಿ ಏನೂ ಆಗಿರಲಿಲ್ಲರಿ ಅಮ್ಮಾ. ಆ ಕೂಸುಗಳು ಅಷ್ಟು ದಿನ ಜೀವ ಹಿಡಿದದ್ದೇ ಆ ಹಾಲಿನ ಮ್ಯಾಲ."

ಸುಂದರಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವಳ ಬೆನ್ನು ನೆಟ್ಟಗಿತ್ತು ಎಂದು ವಿದ್ಯಾವತಿ ಇಂದಿಗೂ ನೆನೆಯುತ್ತಾಳೆ.

ಶಿವಕಾಂತಾ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ. "ಅಂದ್ರ ಇದು ನಿಮ್ಮ ಕಡಿಂದ ಬಂದದ್ದು," ಎಂದಳು.

"ಹೌದ್ರಿ ಬೀಗತೇರೆ, ನಮ್ಮ ಕಡಿಂದ ಬಂದದ್ದು," ಎಂದಳು ಸುಂದರಬಾಯಿ. "ಗೊತ್ತಿಲ್ಲದಾಗ ಊರು ಅಂದದ್ದಕ್ಕೆಲ್ಲ ತಲಿ ಬಗ್ಗಿಸೇನಿ. ಗೊತ್ತಾದ ಮ್ಯಾಲ ಬಗ್ಗಸೂದಿಲ್ಲ. ನನ್ನ ಮಗಳನ್ನೂ ಬಗ್ಗಸಗೊಡೂದಿಲ್ಲ. ಕೂಸಿನ ಔಷಧ ನಿಮ್ಮ ಮನ್ಯಾಗ ಯಾರು ಕೊಡೋರು, ವಿದ್ಯಾ ಸಾಲಿಗಿ ಹೋದಾಗ ಯಾರು ನೋಡೋರು, ಅದು ಮಾತಾಡೋಣ ಬರ್ರಿ."

ಶಿವಕಾಂತಾ ಈ ಉತ್ತರ ಎಣಿಸಿರಲಿಲ್ಲ. ಸಂಜುಕುಮಾರ ತಾಯಿಯ ಕಡೆ ನೋಡಿ, "ಯವ್ವಾ, ಅವರು ಕೇಳಿದ್ದು ಬರೋಬರಿ ಅದ. ಯಾರು ನೋಡೋರು?" ಎಂದ. ಶಿವಕಾಂತಾ, "ಮತ್ಯಾರು, ನಾನೇ," ಎಂದಳು.

ಡಾಕ್ಟರ್ ಇನ್ನೊಂದು ಮಾತು ಹೇಳಿದ್ದರು. ಸುಂದರಬಾಯಿಯ ಅಕ್ಕತಂಗಿಯರಿಗೂ ಅವರ ಹೆಣ್ಣುಮಕ್ಕಳಿಗೂ ಈ ವಿಷಯ ತಿಳಿಸಬೇಕೆಂದು. ಸುಂದರಬಾಯಿಗೆ ಒಬ್ಬಳೇ ತಂಗಿ, ಕಸ್ತೂರಬಾಯಿ. ಖಜೂರಿಯಲ್ಲೇ ಸೋದರಿಕೆಯ ಮನೆಗೆ ಕೊಟ್ಟಿದ್ದರು. ಅವಳಿಗೆ ಹೆಣ್ಣೊಂದೇ ಹುಟ್ಟಿದ್ದು. ಆ ಮಗಳು ಸುನಿತಾ ಅಫಜಲಪುರದಲ್ಲಿ ಗಂಡನ ಮನೆಯಲ್ಲಿದ್ದಳು, ಬಸುರಿ.

ಸುಂದರಬಾಯಿ ಖಜೂರಿಗೆ ಹೋದಳು. ರಸ್ತೆಗೆ ಹೊಂದಿಕೊಂಡೇ ಇರುವ ಮನೆ. ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳ ಸದ್ದಿಗೆ ಮಾತು ಕೇಳಿಸದಾದಾಗ ಕಸ್ತೂರಬಾಯಿ ಬಾಗಿಲು ಮುಚ್ಚಿದಳು. ಎಲ್ಲ ಕೇಳಿದ ಮೇಲೆ ಅವಳ ಮುಖ ಬಿಳಚಿತು.

"ಅಕ್ಕಾ, ನಿನಗ ಕೈ ಮುಗೀತೇನಿ. ಸುನೀಗಿ ಹೇಳಬ್ಯಾಡ. ಆ ಮನಿ ಮಂದಿಗಿ ಗೊತ್ತಾದ್ರ ಅಕಿನ್ನ ತಂದು ನನ್ನ ಬಾಗಲದಾಗ ಬಿಡ್ತಾರ."

"ಬಿಟ್ರ ಅಕಿ ಜೀವಂತ ಇರ್ತಾಳ. ಕೂಸು ಹೋದ್ರ ತಿರುಗಿ ಬರ್ತದೇನು?"

"ಹೆಣ್ಣೇ ಹುಟ್ಟಬಹುದು. ಗಂಡಾದ್ರೂ ಛಲೋನೇ ಇರಬಹುದು. ಖಾಲಿಪೀಲಿ ಈಗೇ ಹೇಳಿ ಅಂಜಸೂದು ಯಾಕ?"

"ಇರಬಹುದು. ಇಲ್ಲಂದ್ರ?"

ಕಸ್ತೂರಬಾಯಿ ಅತ್ತಳು. ಅಕ್ಕನನ್ನು ಬೈದಳು. ನಿನ್ನ ಮನೆ ಕೆಟ್ಟದ್ದಕ್ಕೆ ಎಲ್ಲರ ಮನೆಯೂ ಕೆಡಲಿ ಎಂಬ ಆಸೆ ನಿನಗೆ ಎಂದೂ ಅಂದಳು. ಸುಂದರಬಾಯಿಗೆ ಆ ಮಾತು ನಾಟಿತು. ಊಟಕ್ಕೂ ನಿಲ್ಲದೆ ಬಸ್ ಹಿಡಿದಳು. ಅಕ್ಕ ತಂಗಿ ಆಮೇಲೆ ಬಹಳ ದಿನ ಮಾತಾಡಲಿಲ್ಲ.

ಸುನಿತಾ ಅಫಜಲಪುರದ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಸುಂದರಬಾಯಿ ಅವಳ ಮನೆಗೆ ಹೋಗಲಿಲ್ಲ. ಹೇಳುವುದಿದ್ದರೆ ಮೊದಲು ಅವಳೊಬ್ಬಳಿಗೇ ಹೇಳಬೇಕು, ಮನೆಯವರಿಗೆ ಹೇಳುವುದು ಬಿಡುವುದು ಅವಳ ಇಚ್ಛೆ ಎಂದುಕೊಂಡಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿಯ ಹಿಂದಿನ ಬೇವಿನ ಗಿಡದ ಕೆಳಗೆ ಇಬ್ಬರೂ ಕೂತರು. ಸುನಿತಾ ಡಬ್ಬಿ ಬಿಚ್ಚಿದವಳು ಮತ್ತೆ ಮುಚ್ಚಿಟ್ಟಳು.

"ದೊಡ್ಡವ್ವಾ, ಈಗ ನಾ ಏನ್ ಮಾಡ್ಲಿ?"

"ರಕ್ತ ಕೊಟ್ಟು ತಪಾಸಣಿ ಮಾಡಿಸ್ಕೋ. ನಿನಗ ಇಲ್ಲಂದ್ರ ಸುದ್ದಿ ಅಲ್ಲಿಗೇ ಮುಗೀತು. ಇದ್ರ, ಹೆರಿಗಿ ಕಲಬುರಗ್ಯಾಗ ಮಾಡಿಸ್ಕೋ. ಕೂಸು ಹುಟ್ಟಿದ ಕೂಡಲೇ ಗುಂಡಿಗಿ ನೋಡ್ತಾರ. ನನಗ ಯಾರೂ ಹೇಳಿರಲಿಲ್ಲ ಸುನೀ. ನಿನಗ ಹೇಳ್ಲಾಕ ನಾ ಇದ್ದೇನಿ."

ಸುನಿತಾ ಅಂದು ಸಂಜೆಯೇ ಮನೆಯಲ್ಲಿ ಹೇಳಿದಳು. ಗಂಡ ಸಿಟ್ಟಾಗಿ ಊಟ ಬಿಟ್ಟು ಎದ್ದು ಹೋದ. ಮಾವ ದೇವೀಂದ್ರಪ್ಪ ಭೀಮಾ ದಂಡೆಯಲ್ಲಿ ಕಬ್ಬು ಬೆಳೆಯುವ ದೊಡ್ಡ ಕುಳ. ಆತ ಬೀಗತಿಯ ಅಕ್ಕನನ್ನು ಕರೆಸು ಎಂದಷ್ಟೇ ಹೇಳಿದ.

ಸುಂದರಬಾಯಿ ಮತ್ತೆ ಅಫಜಲಪುರಕ್ಕೆ ಹೋದಳು. ಪಡಸಾಲೆಯಲ್ಲಿ ದೇವೀಂದ್ರಪ್ಪ ಕೂತಿದ್ದ. ಸುನಿತಾ ಒಳಬಾಗಿಲಲ್ಲಿ ನಿಂತಿದ್ದಳು.

"ನೀವು ಸುಮ್ಮ ಇದ್ದಿದ್ರ ನಿಮ್ಮ ಮನೆತನದ ಹೆಸರಿಗೆ ಧಕ್ಕಿ ಇರಲಿಲ್ಲ," ಎಂದ ದೇವೀಂದ್ರಪ್ಪ. "ಊರಾಗ ನಾಕು ಮಂದಿ ಆಡಿಕೊಳ್ಳೂ ಮಾತು ಇದು. ನೀವಾಗೇ ಬಂದು ಯಾಕ ಹೇಳಿದ್ರಿ?"

"ನಿಮ್ಮ ಮನ್ಯಾಗ ಹುಟ್ಟೂ ಕೂಸು ನಮ್ಮ ರಕ್ತದ್ದೂ ಹೌದ್ರಿ. ಅದು ಬದುಕಬೇಕು. ಮಂದಿ ಏನ್ ಅಂತಾರ ಅನ್ನೂದು ನಾ ಇಪ್ಪತ್ತು ಮೂವತ್ತು ವರ್ಷ ಕೇಳೇನಿ. ಅದರಿಂದ ಸಾಯಲಿಲ್ಲ ನೋಡ್ರಿ. ಸುದ್ದಿ ಗೊತ್ತಿಲ್ಲದ್ದಕ್ಕ ನನ್ನ ಕೂಸುಗಳು ಸತ್ತವು."

ದೇವೀಂದ್ರಪ್ಪ ಒಳಗೆ ತಿರುಗಿ, "ಸುನಿತಾ, ನಿಮ್ಮ ದೊಡ್ಡವ್ವಗ ಊಟಕ್ಕ ಮಾಡು," ಎಂದ. ಆಮೇಲೆ ಸುಂದರಬಾಯಿಗೆ, "ಆ ಡಾಕ್ಟರ್ ಯಾವ ದಿನ ಸಿಗ್ತಾರ ಹೇಳ್ರಿ. ಗಾಡಿ ನಾನೇ ತರ್ತೇನಿ," ಎಂದ.

ಸುನಿತಾಳ ರಕ್ತದಲ್ಲಿಯೂ ಅದು ಇತ್ತು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಯಾರಿಗೂ ತಿಳಿಯದು, ಕಾನೂನಿನ ಪ್ರಕಾರ ಕೇಳುವ ಹಾಗೂ ಇಲ್ಲ. ಹುಟ್ಟಿದ ಮೇಲೆಯೇ ನೋಡಬೇಕಿತ್ತು. ಮೊಮ್ಮಗನೇ ಬೇಕೆಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದ ದೇವೀಂದ್ರಪ್ಪ ಘತ್ತರಗಿಯ ಗುಡಿಗೆ ಹೋಗಿ, ಹೆಣ್ಣೇ ಆಗಲಿ ಎಂದು ಭಾಗ್ಯವಂತಿ ದೇವಿಗೆ ಬೇಡಿಕೊಂಡು ಬಂದನಂತೆ. ಪೂಜಾರಿ ತಾನು ತಪ್ಪು ಕೇಳಿಸಿಕೊಂಡೆನೋ ಎಂದು ಎರಡು ಸಲ ಕೇಳಿದನೆಂದು ಸುನಿತಾ ನಗುತ್ತ ಹೇಳುತ್ತಾಳೆ.

ಅದೇ ಹೊತ್ತಿಗೆ ಜೇವರ್ಗಿಯಲ್ಲಿ ಸಿದ್ದಲಿಂಗನಿಗೆ ಜ್ವರ ಬಂತು. ಮುಟ್ಟಿದ ಕೈಗೆ ಬಿಸಿ ತಾಗಿದ್ದೇ ಶಿವಕಾಂತಾ ಮಗನ ಅಂಗಡಿಗೆ ಫೋನು ಮಾಡಿದಳು. ಸಂಜುಕುಮಾರ ಬಿಚ್ಚಿದ ಮೋಟಾರು ಹಾಗೇ ಬಿಟ್ಟು ಓಡಿ ಬಂದ. ವಿದ್ಯಾವತಿ ಪಾಠದ ನಡುವೆಯೇ ಎದ್ದು ಬಂದಳು. ಕಲಬುರಗಿ ತಲುಪುವಷ್ಟರಲ್ಲಿ ಕೂಸಿನ ಉಗುರುಗಳು ನೀಲಿಗಟ್ಟಿದ್ದವು. ರಕ್ತಕ್ಕೆ ಸೋಂಕು ಇಳಿದಿತ್ತು. ಕೆಲವು ದಿನ ಉಸಿರಾಟದ ಯಂತ್ರದ ಮೇಲೆ ಇಟ್ಟರು. ಐಸಿಯು ಹೊರಗೆ ಇಬ್ಬರು ಅಜ್ಜಿಯರೂ ಒಂದೇ ಬೆಂಚಿನಲ್ಲಿ ಕೂತು, ತಂದ ರೊಟ್ಟಿ ಒಬ್ಬರಿಗೊಬ್ಬರು ಒತ್ತಾಯ ಮಾಡಿ ತಿನ್ನಿಸಿದರು. ಯಂತ್ರ ತೆಗೆದ ದಿನ ಡಾಕ್ಟರ್ ಶಮಶಾದ ಹೊರಗೆ ಬಂದು, "ಜ್ವರ ಬಂದ ಕೂಡಲೇ ಹೊರಟದ್ದು ಯಾರ ವಿಚಾರ?" ಎಂದು ಕೇಳಿದರು. ಸುಂದರಬಾಯಿ ಬೀಗತಿಯ ಭುಜ ಮುಟ್ಟಿ ತೋರಿಸಿದಳು. ಶಿವಕಾಂತಾ ಸೆರಗು ಸರಿಮಾಡಿಕೊಂಡಳು.

ಸುನಿತಾಗೆ ಗಂಡೇ ಹುಟ್ಟಿತು. ಅವನಿಗೂ ಬಾರ್ತ್ ಇತ್ತು. ಆದರೆ ಹುಟ್ಟಿದಂದೇ ಎಕೋ ಆಗಿತ್ತು. ಗುಂಡಿಗೆ ಬಾಯುವ ಮೊದಲೇ ಔಷಧ ಶುರುವಾಯಿತು. ಬಿಳಿ ಕಣ ಹೆಚ್ಚಿಸುವ ಚುಚ್ಚುಮದ್ದನ್ನು ಮನೆಯಲ್ಲೇ ಕೊಡುವುದನ್ನು ಸುನಿತಾಳ ಗಂಡ ಕಲಿತ. ಊಟ ಬಿಟ್ಟು ಎದ್ದು ಹೋಗಿದ್ದವನೇ ಈಗ ಆ ಸೂಜಿಯನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಸಿದ್ದಲಿಂಗ ಪಟ್ಟಷ್ಟು ಕಷ್ಟ ಆ ಕೂಸು ಪಡಲಿಲ್ಲ. ತೊಟ್ಟಿಲ ದಿನ ಕಸ್ತೂರಬಾಯಿ ಅಕ್ಕನ ಕೈ ಹಿಡಿದು ಕೂಸಿನ ಹತ್ತಿರ ಕರೆದೊಯ್ದಳು. "ತೊಟ್ಟಲದಾಗ ನೀ ಹಾಕು ಅಕ್ಕಾ ಮೊದಲು," ಎಂದಳು. ಕ್ಷಮೆಯ ಮಾತು ಇಬ್ಬರಲ್ಲೂ ಬರಲಿಲ್ಲ, ಬೇಕಾಗಲೂ ಇಲ್ಲ.

ಸಿದ್ದಲಿಂಗ ಈಗ ಜೇವರ್ಗಿಯಲ್ಲಿ ಒಂದನೇ ತರಗತಿ. ವಯಸ್ಸಿಗೆ ಸಣ್ಣವ, ಮೆಟ್ಟಿಲೇರಿದರೆ ದಣಿಯುತ್ತಾನೆ, ಔಷಧ ತಪ್ಪಿಸುವಂತಿಲ್ಲ. ಆದರೆ ಕಳೆದ ಎಕೋದಲ್ಲಿ ಅವನ ಗುಂಡಿಗೆ ಮೊದಲಿಗಿಂತ ಎಷ್ಟೋ ಚೆನ್ನಾಗಿ ಬಡಿಯುತ್ತಿತ್ತು. ಡಾಕ್ಟರ್ ಶಮಶಾದ ಹೊಸದಾಗಿ ಬಂದ ತಾಯಂದಿರಿಗೆ ಧೈರ್ಯ ಹೇಳಬೇಕಾದಾಗ ಮಟಕಿಗೆ ಫೋನು ಮಾಡುತ್ತಾರೆ. ಸುಂದರಬಾಯಿ ಹೊಲದಲ್ಲಿದ್ದರೂ ಬದುವಿನ ಮೇಲೆ ಕೂತು ಮಾತಾಡುತ್ತಾಳೆ.

ಈ ವರ್ಷ ಶಾಲೆಯ ಆಟೋಟದ ದಿನ ಅವಳು ಜೇವರ್ಗಿಗೆ ಬಂದಿದ್ದಳು. ಬಯಲಿನ ಅಂಚಿನಲ್ಲಿ ಹಾಕಿದ ಕುರ್ಚಿಗಳಲ್ಲಿ ಇಬ್ಬರು ಅಜ್ಜಿಯರೂ ಮುಂದಿನ ಸಾಲಲ್ಲೇ ಕೂತರು. ಪಕ್ಕದ ಹೆಂಗಸೊಬ್ಬಳು ಸಿದ್ದಲಿಂಗನನ್ನು ನೋಡಿ, "ಪಾಪ, ಹುಡುಗ ಭಾಳ ಸಣ್ಣ ಅದಾನ. ತಾಯಿ ಕಡಿ ಬ್ಯಾನಿ ಅಂತಲ್ರಿ?" ಎಂದು ಶಿವಕಾಂತಾಳನ್ನು ಕೇಳಿದಳು.

"ಹೌದು, ತಾಯಿ ಕಡೀದು," ಎಂದಳು ಶಿವಕಾಂತಾ. "ಆ ಬ್ಯಾನಿ ಹಿಡಿದು ಕೊಟ್ಟೋರೂ ತಾಯಿ ಕಡಿ ಮಂದೀನೇ. ಇಗೋ ಇಲ್ಲಿ ಕುಂತಾರ ನಮ್ಮ ಬೀಗತಿ. ಇವರಿಂದ ಎರಡು ಮನಿ ದೀಪ ಉಳದಾವ. ಏನ್ ಕೇಳಬೇಕೋ ಇವರಿಗೇ ಕೇಳ್ರಿ."

ಸುಂದರಬಾಯಿಯ ಕಣ್ಣು ಬಯಲಿನ ಮೇಲಿತ್ತು. ಸಿದ್ದಲಿಂಗ ಓಡುವ ಹಾಗಿರಲಿಲ್ಲ. ಅದಕ್ಕೆ ವ್ಯಾಯಾಮದ ಮಾಸ್ತರ ಮುಕ್ರಮ ಅವನ ಕೈಗೆ ಸೀಟಿ ಕೊಟ್ಟು, ಓಟ ಶುರುಮಾಡುವ ಕೆಲಸ ವಹಿಸಿದ್ದ. ಗೆರೆಯ ಮೇಲೆ ದೊಡ್ಡ ಹುಡುಗರೆಲ್ಲ ಬಗ್ಗಿ ನಿಂತು ಅವನ ಕಡೆಗೇ ನೋಡುತ್ತಿದ್ದರು. ಅವನು ಅವಸರ ಮಾಡಲಿಲ್ಲ. ಒಬ್ಬನ ಕಾಲು ಗೆರೆ ದಾಟಿತ್ತು, ಬೆರಳು ತೋರಿಸಿ ಹಿಂದೆ ಸರಿಸಿದ. ಮತ್ತೆ ಎಲ್ಲರನ್ನೂ ಒಮ್ಮೆ ನೋಡಿದ. ಉಸಿರು ತುಂಬಿಕೊಂಡು ಊದಿದ. ಸದ್ದು ಬಯಲಿನ ಆಚೆ ತುದಿಯ ತನಕ ಕೇಳಿಸಿತು. ಹುಡುಗರು ಧೂಳೆಬ್ಬಿಸಿ ಓಡಿದರು.

ಓಟ ಮುಗಿದ ಮೇಲೆ ಅವನು ನಿಧಾನವಾಗಿ ನಡೆದು ಅಜ್ಜಿಯರ ಹತ್ತಿರ ಬಂದ. ಮುಖ ಕೆಂಪಾಗಿತ್ತು.

"ಆಯಿ, ನೋಡಿದೇನು? ನಾ ಊದೂ ತನಕ ಒಬ್ಬರೂ ಓಡಲಿಲ್ಲ."

"ನೋಡ್ದೆ ನನ್ನಪ್ಪಾ," ಎಂದಳು ಸುಂದರಬಾಯಿ. "ಎಲ್ಲಾರೂ ನೋಡಿದ್ರು."

ಮುಂದಿನ ಓಟಕ್ಕೆ ಮುಕ್ರಮ ಮಾಸ್ತರ ಅವನನ್ನು ಕೂಗಿ ಕರೆದ. ಸಿದ್ದಲಿಂಗ ಶಿವಕಾಂತಾ ಕೊಟ್ಟ ನೀರು ಎರಡು ಗುಟುಕು ಕುಡಿದು, ಸೀಟಿಯ ದಾರ ಕೊರಳಲ್ಲಿ ಸರಿಮಾಡಿಕೊಂಡು ಗೆರೆಯ ಕಡೆಗೆ ಹೊರಟ.